ಪಿಕಪ್ಪಿಗೆ ಬಳಿದ ಕೊಂಬಿನ ಬಣ್ಣ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪಿಕಪ್ ಗಾಡಿಯ ಬಣ್ಣ ಹೈದರಾಬಾದಿನಿಂದ ಬಂದದ್ದಲ್ಲ. ಅದು ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಬಣ್ಣ. ಬಳಿದವಳು ನಾನು, ಕೆಡಿಸಿದವಳೂ ನಾನು. ಆಮೇಲೆ ಅದನ್ನು ಚಂದ ಮಾಡಿದ್ದು ವಾಡಿಯ ಧೂಳು. ನಮ್ಮ ಮನೆಯವರು ಮಾಡಿದ್ದು ಒಂದೇ ಕೆಲಸ, ಸುಳ್ಳು ಹೇಳಿದ್ದು.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬಾಯಿಬಿಟ್ಟಳು ಎಂದು ಕೇಳುತ್ತೀರಿ. ಮನೆಯಲ್ಲಿ ಗೇಟಿಗೆ ಬಣ್ಣ ನಡೆದಿದೆ, ಅದಕ್ಕೆ. ಟರ್ಪಂಟೈನಿನ ವಾಸನೆ ಅಡಿಗೆಮನೆಯವರೆಗೂ ಬಂದು ರೊಟ್ಟಿಗೂ ಹತ್ತಿದೆ. ಮಗ ಶಿವರಾಯನಿಗೆ ಬೇರೆ ಬಣ್ಣ ನಡೆಯುವುದಿಲ್ಲವಂತೆ, ಅಪ್ಪನ ಗಾಡಿಯ ಬಣ್ಣವೇ ಬೇಕಂತೆ. ಪೇಂಟರ್ ಇಸ್ಮಾಯಿಲ್ ಬಣ್ಣದ ಚೀಟಿಗಳ ಪುಸ್ತಕ ತಂದು ಹಾಳೆ ತಿರುವಿದ್ದೇ ತಿರುವಿದ್ದು. ಹಸಿರು ತೋರಿಸಿದರೆ ಇವನು ಅಲ್ಲ ಎನ್ನುತ್ತಾನೆ, ಬೂದಿ ತೋರಿಸಿದರೆ ಅದೂ ಅಲ್ಲ. ಕೊನೆಗೆ ಶಿವರಾಯ ದೊಡ್ಡ ದನಿಯಲ್ಲಿ ಹೇಳಿದ:

"ಅದು ಇಲ್ಲಿ ಸಿಗಂಗಿಲ್ಲೋ ಮಾರಾಯಾ. ನಮ್ಮಪ್ಪ ಹೈದರಾಬಾದಿಂದ ತರಸಿದ್ದ."

ಇಸ್ಮಾಯಿಲ್ ಕೂಡಲೇ ಹೈದರಾಬಾದಿಗೆ ಹೋಗಲು ತಯಾರಾದ. ಯಾಕಾಗುವುದಿಲ್ಲ, ಬಸ್ಸಿನ ಖರ್ಚು ನಮ್ಮದು, ಊಟ ನಮ್ಮದು, ಬಿರಿಯಾನಿ ಅವನದು. ನಾನು ಕಟ್ಟೆಯ ಮೇಲೆ ಪುಂಡಿಸೊಪ್ಪು ಬಿಡಿಸುತ್ತಿದ್ದೆ. ಮೊರ ಕೆಳಗಿಟ್ಟೆ.

ಆಗ ನಾವು ಭಂಕೂರದಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ, ಎಲ್ಲಿ ಹೋಗುತ್ತೇವೆ. ಶಿವರಾಯ ತೊಟ್ಟಿಲಲ್ಲಿದ್ದ. ಮೈಸೂರು ಅನ್ನುವ ನಾಡು ಹೋಗಿ ಕರ್ನಾಟಕ ಬಂದಿತ್ತು. ನಾಡಿನ ಹೆಸರೇ ಬದಲಾಯಿತು, ನಿಮ್ಮ ಗಾಡಿಯ ಬಣ್ಣ ಯಾವಾಗ ಬದಲಾಗುತ್ತದೆ ಎಂದು ಜನ ನಮ್ಮವರನ್ನು ಕಾಡುತ್ತಿದ್ದರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಯೊಬ್ಬ ಸಾಕಾಗಿ ಬಿಟ್ಟ ಪಿಕಪ್ಪನ್ನು ಇವರು ಅಗ್ಗಕ್ಕೆ ತಂದಿದ್ದರು. ಒಂದು ಬಾಗಿಲು ಕೆಂಪು, ಇನ್ನೊಂದು ಯಾವುದೋ ಲಾರಿಯದು, ಹಳದಿ. ಉಳಿದದ್ದು ತುಕ್ಕು. ಹಿಂದಿನ ಹಲಗೆಗೆ ಹಗ್ಗ ಕಟ್ಟಿದ್ದರು. ಎರಡು ದಿನ ನಿಲ್ಲಿಸಿದರೆ ನಮ್ಮ ಕೋಳಿ ಅದರೊಳಗೆ ಮೊಟ್ಟೆ ಇಡುತ್ತಿತ್ತು. ಕೋಳಿಗೆ ಅದು ಗಾಡಿ ಎಂದು ಅನ್ನಿಸಿರಲೇ ಇಲ್ಲ.

ಆದರೆ ನಮ್ಮ ಅನ್ನ ಅದರ ಮೇಲಿತ್ತು. ನಮ್ಮ ಬಾವಿಯ ತೋಟದ್ದು, ಸುತ್ತಲಿನವರ ತೋಟದ್ದು, ಬದನೆ ಮೆಣಸು ಸೊಪ್ಪು ತುಂಬಿಕೊಂಡು ಇವರು ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ಯಾಂಟೀನಿಗೆ ಹಾಕುತ್ತಿದ್ದರು. ಅಲ್ಲಿಗೆ ಹೊಸ ಸಾಹೇಬರೊಬ್ಬರು ಬಂದರು. ಅಚ್ಚುಕಟ್ಟಿನ ಮನುಷ್ಯ. ಬಂದ ವಾರವೇ ನಮ್ಮ ಗಾಡಿಯನ್ನು ಗೇಟಿನಲ್ಲಿ ನಿಲ್ಲಿಸಿ, ಇದರಲ್ಲಿ ತಂದದ್ದನ್ನು ಮನುಷ್ಯರು ತಿನ್ನಬೇಕೋ ಗುಜರಿಯವರು ತೂಗಬೇಕೋ ಎಂದು ಕೇಳಿದರಂತೆ. ಸೋಮವಾರದೊಳಗೆ ಬಣ್ಣ ಹಚ್ಚಿಸಿಕೊಂಡು ಬಾ, ಇಲ್ಲದಿದ್ದರೆ ಕಾಯಿಪಲ್ಲೆಗೆ ಬೇರೆಯವರನ್ನು ನೋಡುತ್ತೇನೆ ಎಂದರಂತೆ.

ಇವರು ಶಹಾಬಾದಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವನ ಹತ್ತಿರ ಹೋದರು. ಅವನು ಗಾಡಿಯ ಸುತ್ತ ಒಂದು ಸಲ ತಿರುಗಿ, ತಾನು ನವಿಲು ಕಮಲ ಬಿಡಿಸುವವನು, ಇಂಥ ಡಬ್ಬಿಗೆ ಕೈ ಹಚ್ಚಿದರೆ ತನ್ನ ಹೆಸರು ಹೋಗುತ್ತದೆ ಎಂದ. ಹೆಸರು ಹೋದರೂ ಪರವಾಗಿಲ್ಲ ಎನ್ನುವಂಥ ರೇಟನ್ನೂ ಹೇಳಿದ. ಆ ರೊಕ್ಕ ನಮ್ಮಲ್ಲಿ ಇದ್ದಿದ್ದರೆ ನಾವು ಬೇರೆ ಗಾಡಿಯನ್ನೇ ತರುತ್ತಿದ್ದೆವು. ಇವರು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಗಂಡಸರಿಗೆ ಈ ಒಂದು ಅನುಕೂಲವಿದೆ ನೋಡಿ, ಗೋಡೆ ಕಂಡರೆ ಸಾಕು. ನಾವು ಮಲಗಿದರೆ ಒಲೆ ಯಾರು ಹಚ್ಚಬೇಕು?

ಮರುದಿನ ಶನಿವಾರ. ಸೇಡಮ್ಮಿನಲ್ಲಿ ಇವರ ತಂಗಿಯ ಗಂಡನ ಹತ್ತಿರ ಉಳಿದ ಪೇಂಟೇನಾದರೂ ಇದ್ದೀತೆಂದು ಬಸ್ಸು ಹತ್ತಿ ಹೋದರು. ನಾನು ದನದ ಕೊಟ್ಟಿಗೆ ಗುಡಿಸುತ್ತಿದ್ದೆ. ಕಾರಹುಣ್ಣಿವೆ ಆಗಷ್ಟೇ ಮುಗಿದಿತ್ತು. ನಿಮ್ಮ ಕಡೆ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಆ ದಿನ ಎತ್ತು ತೊಳೆದು, ಕೊಂಬು ಹೆರೆದು, ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಮೆರೆಸುತ್ತೇವೆ. ಹೊಸ ಸೀರೆ ಇಲ್ಲದಿದ್ದರೂ ನಡೆದೀತು, ಎತ್ತಿನ ಕೊಂಬಿಗೆ ಬಣ್ಣ ಇಲ್ಲದ ಮನೆ ಇಲ್ಲ. ಹಬ್ಬ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ನಾಲ್ಕು ಬೆರಳು ಬಣ್ಣ ಉಳಿಯುತ್ತದೆ. ಬರುವ ವರ್ಷಕ್ಕೆ ಬೇಕೆಂದು ಅದನ್ನು ಕೊಟ್ಟಿಗೆಯ ಗೋಡೆಯ ಮಾಡದಲ್ಲಿ ಇಡುತ್ತೇವೆ. ಬರುವ ವರ್ಷ ಅದು ಕಲ್ಲಾಗಿರುತ್ತದೆ, ಹೊಸದು ತರುತ್ತೇವೆ, ಅದನ್ನೂ ಅಲ್ಲೇ ಇಡುತ್ತೇವೆ.

ನಮ್ಮ ಮಾಡದಲ್ಲಿದ್ದ ಡಬ್ಬಿ ನೋಡಿದೆ. ಊರಿನ ಎಲ್ಲ ಮಾಡಗಳೂ ಕಣ್ಣ ಮುಂದೆ ಬಂದವು.

ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಬುಟ್ಟಿ ಹಿಡಿದು ಮನೆ ಮನೆಗೆ ಹೋದೆ. ಯಾರೂ ಇಲ್ಲ ಅನ್ನಲಿಲ್ಲ. ಕೆಂಪು ಬಂತು, ಹಸಿರು ಬಂತು, ನೀಲಿ, ಹಳದಿ, ಗುಲಾಬಿ ಎಲ್ಲ ಬಂತು. ಎಲ್ಲಕ್ಕಿಂತ ದೊಡ್ಡ ಡಬ್ಬಿ ಕೊಟ್ಟವಳು ಪಕ್ಕದ ಮನೆಯ ಖಾಜಾಬಿ. ಅವರದು ಎರಡು ಜೋಡಿ ಎತ್ತಿನ ಒಕ್ಕಲುತನ, ಡಬ್ಬಿಯೂ ಅದಕ್ಕೆ ತಕ್ಕದ್ದು. ನನ್ನ ಜೊತೆ ಕೈಜೋಡಿಸಲೂ ಬಂದಳು. ಒಡೆದ ಫರಸಿಯ ಚೂರಿನಿಂದ ತುಕ್ಕು ತಿಕ್ಕಿದೆವು, ಬೂದಿ ಹಾಕಿ ಗಂಗಾಳ ಬೆಳಗಿದ ಹಾಗೆ ಬೆಳಗಿದೆವು. ಗೋಡೆಗೆ ಸುಣ್ಣ ಹೊಡೆಯುವ ಪುಂಡಿನಾರಿನ ಕುಂಚ ಮನೆಯಲ್ಲೇ ಇತ್ತು.

ತಪ್ಪು ಆದದ್ದು ಇಲ್ಲಿ. ಯಾವ ಬಣ್ಣವೂ ಒಂದು ಬಾಗಿಲಿಗೆ ಸಾಲುವಷ್ಟಿರಲಿಲ್ಲ. ಬೇರೆ ಬೇರೆ ಹಚ್ಚಿದರೆ ಗಾಡಿ ಹೋಗಿ ಬಯಲಾಟದ ವೇಷವಾಗುತ್ತದೆ. ಎಲ್ಲ ಕೂಡಿಸಿದರೆ ಎಲ್ಲಕ್ಕಿಂತ ಚಂದದ್ದೊಂದು ಬರುತ್ತದೆ ಎಂದು ನನಗೆ ಯಾಕೆ ಅನ್ನಿಸಿತೋ. ಐದು ಬೇಳೆ ಕೂಡಿಸಿದರೆ ಸಾರು ರುಚಿಯಾಗುವುದಿಲ್ಲವೇ ಎಂದುಕೊಂಡೆ. ದೊಡ್ಡ ಬೋಗುಣಿಗೆ ಎಲ್ಲ ಸುರಿದು, ನುಚ್ಚು ತಿರುವುವ ಕೋಲಿನಿಂದ ತಿರುವಿದೆ. ಕೆಂಪು ಹೋಯಿತು, ಹಳದಿ ಹೋಯಿತು, ನೀಲಿ ಸ್ವಲ್ಪ ಹೊತ್ತು ಜಗಳ ಮಾಡಿ ಅದೂ ಹೋಯಿತು. ಉಳಿದದ್ದು ಪುಂಡಿಪಲ್ಯ. ತೊಗರಿಬೇಳೆ ಹಾಕಿ, ಚೆನ್ನಾಗಿ ಮಸೆದು, ಎರಡನೆಯ ದಿನ ಬಿಸಿ ಮಾಡಿದ ಪುಂಡಿಪಲ್ಯ ಹೇಗಿರುತ್ತದೆ, ಅದೇ ಬಣ್ಣ. ತಿನ್ನಲು ಅದಕ್ಕಿಂತ ರುಚಿಯಾದದ್ದು ಈ ಭೂಮಿಯ ಮೇಲಿಲ್ಲ. ಗಾಡಿಗೆ ಬಳಿಯಲು ಯಾರೂ ಯೋಚಿಸಿರಲಿಲ್ಲ.

ಆದರೆ ಬೋಗುಣಿ ತುಂಬಿತ್ತು, ಸೋಮವಾರ ಹತ್ತಿರವಿತ್ತು. ಬಳಿದೆವು.

ಸಂಜೆ ಇವರು ಸೇಡಮ್ಮಿನಿಂದ ಬರಿಗೈಲಿ ಬಂದರು. ಅಂಗಳದಲ್ಲಿ ನಿಂತು ಗಾಡಿಯನ್ನು ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು.

"ಗಾಡಿಗೆ ಪುಂಡಿಪಲ್ಯ ಬಳದೀಯಲ್ಲ," ಎಂದರು.

"ಹೌದ್ರಿ. ಜೊತಿಗೆ ಬಿಸಿ ರೊಟ್ಟಿ ಹಾಕ್ಲೇನು?" ಎಂದೆ.

ಖಾಜಾಬಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯಾಚೆ ಓಡಿದಳು. ಇವರು ನಗಲಿಲ್ಲ. ಸಾಹೇಬರು ಬಣ್ಣ ಎಂದಿದ್ದರೇ ಹೊರತು ಯಾವ ಬಣ್ಣ ಎಂದಿರಲಿಲ್ಲ ಎಂದು ನಾನೇ ಸಮಾಧಾನ ಹೇಳಿದೆ.

ನಿಜವಾದ ಫಜೀತಿ ಗೊತ್ತಾದದ್ದು ರವಿವಾರ. ಬಣ್ಣ ಒಣಗಲಿಲ್ಲ. ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ಬಂತು, ಮಧ್ಯಾಹ್ನ ಉರಿಬಿಸಿಲಲ್ಲಿ ಮುಟ್ಟಿದರೂ ಬಂತು. ನೊಣ ಕುಂತವು, ಏಳಲಿಲ್ಲ. ಕೋಳಿ ಎಂದಿನಂತೆ ಹಾರಿ ಕುಳಿತು ನಾಲ್ಕು ಪುಕ್ಕ ಬಿಟ್ಟು ಹೋಯಿತು. ನಾನು ಖಾಜಾಬಿಯನ್ನು ಕರೆದು ನಿನ್ನ ಡಬ್ಬಿಯಲ್ಲಿ ಏನಿತ್ತು ಎಂದು ಕೇಳಿದೆ.

"ಬಣ್ಣಾನೇ ಅಕ್ಕಾ. ಗಟ್ಟಿ ಆಗಿತ್ತು, ಸೀಮಿಎಣ್ಣಿ ಇರಲಿಲ್ಲ. ಅದಕ್ಕ ಔಡಲೆಣ್ಣಿ ಹಾಕಿ ತೆಳ್ಳಗ ಮಾಡಿದ್ದೆ."

"ಎಷ್ಟು ಹಾಕಿದ್ದಿ?"

"ಭಾಳೇನಿಲ್ಲ. ಕೊಂಬು ಮಿಂಚಬೇಕಲ್ಲ, ಅಷ್ಟು."

ಔಡಲೆಣ್ಣೆ ಎಂದರೆ ನಿಮ್ಮ ಹರಳೆಣ್ಣೆ. ನೆತ್ತಿಗೆ ಒಂದು ಸಲ ಬಡಿದರೆ ಮುಂದಿನ ಅಮಾವಾಸ್ಯೆಗೂ ಒಣಗುವುದಿಲ್ಲ. ಅವರ ಎತ್ತುಗಳ ಕೊಂಬು ಇನ್ನೂ ಯಾಕೆ ಅಂಟುತ್ತಿದೆ ಎಂದು ಅವಳ ಗಂಡ ಕೇಳುತ್ತಿದ್ದನಂತೆ. ಆಮೇಲೆ ಹೇಳಿದಳು.

ಸೋಮವಾರ ಬೆಳಿಗ್ಗೆ ಬೇರೆ ದಾರಿ ಇರಲಿಲ್ಲ. ಬುಟ್ಟಿಗಳು ಬದಿಯ ಹಲಗೆಗೆ ತಾಗದಂತೆ ಹಿಡಿಯಲು ಒಬ್ಬರು ಬೇಕಿತ್ತು, ನಾನು ಹಿಂದೆ ಹತ್ತಿ ಬದನೆಕಾಯಿಗಳ ನಡುವೆ ಕುಳಿತೆ. ಮಳೆ ಇನ್ನೂ ಬಂದಿರಲಿಲ್ಲ, ಗಾಳಿ ಬೀಸುತ್ತಿತ್ತು. ಫರಸಿ ಲಾರಿಗಳು ನಮ್ಮ ಮುಂದೆ ಸಾಲು ಹಿಡಿದು ಕಲ್ಲಿನ ಹುಡಿ ಎಬ್ಬಿಸುತ್ತ ಹೊರಟಿದ್ದವು. ವಾಡಿ ಹತ್ತಿರ ಬಂದಂತೆ ಸಿಮೆಂಟಿನ ಧೂಳು. ಆಗಿನ ವಾಡಿ ನೋಡಿದವರಿಗೆ ಹೇಳಬೇಕಾಗಿಲ್ಲ. ಹುಣಸೆಮರ ಬೂದಿ, ಹಂಚು ಬೂದಿ, ನಾಯಿಗಳೂ ಬೂದಿ. ಕಪ್ಪು ಕಾಗೆ ನೋಡಬೇಕಾದರೆ ಚಿತ್ತಾಪುರಕ್ಕೆ ಹೋಗಬೇಕಿತ್ತು.

ಗೇಟಿನ ಮುಂದೆ ಗಾಡಿ ನಿಂತಾಗ ನಾನು ಬಗ್ಗಿ ಹೊರಗೆ ನೋಡಿದೆ. ಪುಂಡಿಪಲ್ಯ ಕಾಣಲಿಲ್ಲ. ದಾರಿಯ ಧೂಳೆಲ್ಲ ಜರಡಿ ಹಿಡಿದ ಹಾಗೆ ಸಮನಾಗಿ ಅಂಟಿ, ಗಾಡಿ ಕಾರ್ಖಾನೆಯ ಗೋಡೆಯ ಬಣ್ಣಕ್ಕೆ ಬಂದಿತ್ತು, ಒಳಗಿನಿಂದ ಸ್ವಲ್ಪ ಹಸಿರು ಹೊಡೆಯುತ್ತಿತ್ತು. ನನ್ನ ಸೆರಗಿನ ತುದಿ ಯಾವಾಗಲೋ ಹಲಗೆಯ ಹೊರಬದಿಗೆ ಅಂಟಿ, ಅದಕ್ಕೂ ಅದೇ ಬಣ್ಣ.

ಸಾಹೇಬರು ಕನ್ನಡಕ ಏರಿಸಿಕೊಂಡು ಸುತ್ತು ಹಾಕಿದರು. ಅವರ ಮುಖ ಅರಳಿತು. ನಮ್ಮ ಕಾರ್ಖಾನೆಗೆ ಒಪ್ಪುವಂಥದ್ದೇ ಹಚ್ಚಿಸಿದ್ದೀಯಲ್ಲ, ಎಲ್ಲಿಂದ ತಂದೆ ಎಂದು ಕೇಳಿದರು. ಇವರು ಒಂದು ಗಳಿಗೆ ನನ್ನ ಕಡೆ ನೋಡಿದರು.

"ಹೈದರಾಬಾದಿಂದ ತರಸೀನ್ರಿ."

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಾಹೇಬರಿಗೆ ಮುಟ್ಟಿ ನೋಡುವ ಆಸೆಯಾಯಿತು. ಬಿಳೀ ಅಂಗಿಯ ಕೈ ಮುಂದೆ ಬಂತು. ಇವರು ಕಲ್ಲಾಗಿ ನಿಂತರು. ಇನ್ನೊಂದು ಗೇಣು ಹೋಗಿದ್ದರೆ ಸಾಹೇಬರ ಅಂಗೈಯೂ ನಮ್ಮ ಅನ್ನವೂ ಒಟ್ಟಿಗೇ ಆ ಹಲಗೆಗೆ ಅಂಟುತ್ತಿದ್ದವು. ನಾನು ಒಂದು ಬದನೆಕಾಯಿ ತೆಗೆದು ಆ ಕೈಯೊಳಗೆ ಇಟ್ಟೆ.

"ಇದನ್ನ ನೋಡ್ರಿ ಸಾಹೇಬ್ರ. ತೊಟ್ಟಿನ ಮುಳ್ಳು ಇನ್ನಾ ಬಾಡಿಲ್ಲ. ಬಣ್ಣ ಏನು ತಿಂತೀರೇನು?"

ಅವರು ನಕ್ಕರು. ಬದನೆಕಾಯಿಯನ್ನು ತಿರುವಿ ತಿರುವಿ ನೋಡುತ್ತಲೇ ಗೇಟು ತೆಗೆಸಿದರು.

ವಾಪಸು ಹೊರಡುವಾಗ ನಾನು ಹಿಂದೆ ಕೂಡಲಿಲ್ಲ. ಸೆರಗನ್ನು ಎಳೆದೆ, ಬರಲಿಲ್ಲ, ಹರಿದೆ, ಅರ್ಧ ಬಣ್ಣ ನನ್ನ ಕಡೆಯ ಅಂಚಿಗೇ ಬಂತು. ನೆಟ್ಟಗೆ ಮುಂದೆ ಹೋಗಿ ಇವರ ಪಕ್ಕದ ಸೀಟಿನಲ್ಲಿ ಕುಳಿತೆ. ಆ ಕಾಲದಲ್ಲಿ ಹೆಂಗಸರು ಮುಂದೆ ಕೂಡುವುದು ನಮ್ಮೂರಲ್ಲಿ ಇರಲಿಲ್ಲ. ನಾವು ಬುಟ್ಟಿಗಳ ಸಂಗಡ ಬುಟ್ಟಿಗಳು. ವಾಡಿ ದಾಟಿದ ಮೇಲೆ ಇವರು ಬಾಯಿಬಿಟ್ಟರು.

"ಹೈದರಾಬಾದ ಅಂದೀನಲ್ಲ, ಇನ್ನ ಯಾರ ಮುಂದೂ ಬ್ಯಾರೆ ಹೇಳಬ್ಯಾಡ. ಸಾಹೇಬ್ರ ಕಿವಿಗೆ ಹೋದ್ರ ಕೆಲಸ ಹೋಗ್ತದ."

"ಹೇಳಂಗಿಲ್ಲ. ಆದ್ರ ಇನ್ನ ಮ್ಯಾಲ ಗಾಡಿ ಎಲ್ಲಿಗೆ ಹೋದ್ರೂ ನಾ ಇಲ್ಲೇ ಕುಂದ್ರಾಕಿ."

"ಮಂದಿ ನಗ್ತಾರ."

"ಪುಂಡಿಪಲ್ಯಕ್ಕ ನಗೋದು ಬ್ಯಾಡಂದ್ರ ಇದಕ್ಕ ನಗಲಿ ಬಿಡ್ರಿ."

ಶಹಾಬಾದಿಗೆ ಬರುವಷ್ಟರಲ್ಲಿ ಮೊದಲ ಮಳೆ ಹನಿ ಹಿಡಿಯಿತು. ಇಬ್ಬರೂ ಇಳಿದು ಬೇವಿನ ಮರದ ಕೆಳಗೆ ನಿಂತು, ಹೋಯಿತು, ಎಲ್ಲ ತೊಳೆದು ಹೋಯಿತು ಎಂದು ನೋಡುತ್ತ ನಿಂತೆವು. ಹೋಗಲಿಲ್ಲ. ಅಂಟಿದ್ದು ಸಿಮೆಂಟು ತಾನೇ, ನೀರು ಕುಡಿದು ಗಟ್ಟಿಯಾಯಿತು. ಸಂಜೆ ಮುಟ್ಟಿದರೆ ಬೀಸುಕಲ್ಲಿನ ಹಾಗಿತ್ತು. ಆಮೇಲೆ ಆ ಗಾಡಿ ತುಕ್ಕು ಹಿಡಿಯಲಿಲ್ಲ. ಶಹಾಬಾದಿನ ನವಿಲಿನ ಪೇಂಟರನೇ ಬಂದು ಇದು ಯಾವ ಕಂಪನಿಯದು ಎಂದು ಕೇಳಿಹೋದ.

ನಾನು ಸೇಡಂ ನೋಡಿದ್ದು, ಚಿತ್ತಾಪುರದ ಸಂತೆ ನೋಡಿದ್ದು, ಚಿಂಚೋಳಿಯ ಅಡವಿ ನೋಡಿದ್ದು, ಸನ್ನತಿಯಲ್ಲಿ ಭೀಮೆಯ ನೀರು ನೋಡಿದ್ದು, ಎಲ್ಲ ಆ ಸೀಟಿನಿಂದಲೇ. ಬೀಗರ ಮನೆಗೆ ಹೋದರೂ ನಾನು ಮುಂದೆ, ಇವರ ಅಣ್ಣ ಹಿಂದೆ. ಇವರ ಹೈದರಾಬಾದು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮೊದಲು ಬರೇ ತರಿಸಿದ್ದರು. ಆಮೇಲೆ ತಾವೇ ಹೋಗಿ ತಂದರು. ಕೊನೆಕೊನೆಗೆ ಚಾರಮಿನಾರಿನ ಹತ್ತಿರದ ಅಂಗಡಿ, ಅಂಗಡಿಯವನು ಕುಡಿಸಿದ ಚಹ, ಎಲ್ಲ ಬಂತು. ನಾನು ರೊಟ್ಟಿ ಬಡಿಯುತ್ತ ಹೂಂ ಎನ್ನುತ್ತಿದ್ದೆ. ಕೊಟ್ಟ ಮಾತು. ಸೀಟು ಪುಕ್ಕಟೆ ಸಿಕ್ಕಿರಲಿಲ್ಲ.

ಈಗ ಅವರೂ ಇಲ್ಲ, ಗಾಡಿಯೂ ಇಲ್ಲ, ಸಾಹೇಬರು ಯಾವಾಗಲೋ ವರ್ಗವಾಗಿ ಹೋದರು. ಮಾತಿನ ಮುದ್ದತು ಮುಗಿಯಿತು ಎಂದುಕೊಂಡು ಮೊನ್ನೆ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಇಸ್ಮಾಯಿಲ್ ನಕ್ಕ, ಹೈದರಾಬಾದಿನ ಬಿರಿಯಾನಿ ಹೋಯಿತಲ್ಲ ಎಂಬ ಸಂಕಟವೂ ಇತ್ತು. ಶಿವರಾಯ ನಂಬಲಿಲ್ಲ.

"ಯವ್ವಾ, ಸುಳ್ಳ ಹೇಳಬ್ಯಾಡ. ಅಪ್ಪ ಅಂಗಡಿ ಹೆಸರೂ ಹೇಳ್ತಿದ್ದ."

ನಾನು ಒಳಗೆ ಹೋಗಿ ನನ್ನ ಹಳೆಯ ಕೌದಿ ತಂದು ಹಾಸಿದೆ. ನಡುವಿನಲ್ಲಿ ಒಂದು ತೇಪೆ ಇದೆ, ಆ ಹರಿದ ಸೆರಗಿನದು. ಅರಿವೆ ಸವೆದಿದೆ, ಅಂಚಿನ ಬಣ್ಣ ಸವೆದಿಲ್ಲ, ಉಗುರಿನಿಂದ ಬಡಿದರೆ ಟಣ್ ಎನ್ನುತ್ತದೆ. ಚಿಕ್ಕವನಿದ್ದಾಗ ಶಿವರಾಯ ಅದರ ಮೇಲೇ ಮಲಗಿ, ಇದು ಚುಚ್ಚುತ್ತದೆ ಎಂದು ಅಳುತ್ತಿದ್ದ. ಈಗ ತಾನೇ ಅದನ್ನು ಉಗುರಿನಿಂದ ಬಡಿದು ನೋಡಿದ. ಆಮೇಲೆ, ಹಾಗಾದರೆ ಈ ಬಣ್ಣ ಮತ್ತೆ ಸಿಗುವುದಿಲ್ಲ ಅನ್ನು ಎಂದ. ನಾನು ಮತ್ತೆ ಮೊರ ಎತ್ತಿಕೊಂಡೆ, ಸೊಪ್ಪು ಹಾಗೇ ಉಳಿದಿತ್ತು.

ಮರುದಿನ ಬೆಳಿಗ್ಗೆ, ಇಸ್ಮಾಯಿಲ್ ಬರುವುದಕ್ಕಿಂತ ಮುಂಚೆ, ಅವನು ಬಿಟ್ಟುಹೋಗಿದ್ದ ಡಬ್ಬಿಗಳನ್ನೆಲ್ಲ ಬೋಗುಣಿಗೆ ಸುರಿದೆ. ಗೋಡೆ ಕಟ್ಟಿ ಉಳಿದ ಸಿಮೆಂಟನ್ನು ಹಿಟ್ಟಿನ ಜರಡಿಯಲ್ಲಿ ಹಿಡಿದಿಟ್ಟೆ. ಆಮೇಲೆ ಗೋಡೆಯ ಹತ್ತಿರ ಹೋಗಿ ಖಾಜಾಬಿಯನ್ನು ಕೂಗಿ, ಔಡಲೆಣ್ಣೆಯ ಶೀಶೆ ತೆಗೆದುಕೊಂಡು ಬಾ ಎಂದೆ.