ಖಾನಾಪುರದಲ್ಲಿ ‘ಎ’ ಗ್ರೂಪಿನವರು ಎಲ್ಲಿ ಹೋದರು?

ಹೋದ ವಾರ ಒಬ್ಬ ಹುಡುಗ ನನ್ನ ಮುಂದೆ ತೋಳು ಚಾಚಿ ಕೇಳಿದ: ‘ಅಕ್ಕಾರ, ನನ್ನ ರಕ್ತದಾಗ ವಿಷ ಐತೇನ್ರಿ?’

ಹೆಸರು ಮಾರುತಿ. ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ. ತಂಗಿಗೆ ಖಾನಾಪುರದಲ್ಲಿ ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಇವನು ಒಂದು ಬಾಟಲಿ ರಕ್ತ ಕೊಟ್ಟ. ಅರ್ಧ ಏರುವಷ್ಟರಲ್ಲಿ ಅವಳಿಗೆ ನಡುಕ, ಸೊಂಟನೋವು. ಮರುದಿನ ಹೋಗಿಬಿಟ್ಟಳು. ಕೂಸು ಉಳಿದಿದೆ.

‘ಅವ್ವ ನನ್ನ ಕೈಲೆ ನೀರು ಸೈತ ಇಸ್ಕೊಳವಲ್ಲಳ್ರಿ’ ಅಂದ.

ಬೆಳಗಾವಿಯ ಲ್ಯಾಬಿನಿಂದ ಸುತ್ತಲಿನ ಸಣ್ಣ ಆಸ್ಪತ್ರೆಗಳಿಗೆ ರಕ್ತದ ಗ್ರೂಪು ಪತ್ತೆಹಚ್ಚುವ ಸೀರಂ ಒದಗಿಸುವುದು ನನ್ನ ನೌಕರಿ (ಈ ಅಂಕಣ ಬರೆಯುವುದು ಬರೀ ಚಟ, ನಿಮಗೆ ಗೊತ್ತೇ ಇದೆ). ತಪ್ಪು ಎಲ್ಲಾಗಿದೆ ಹುಡುಕು ಅಂತ ನನ್ನನ್ನೇ ಕಳಿಸಿದರು. ಎಂಥ ಜಾಣರು!

ನೀಲಿ ಸೀರಂ ಎ ಗ್ರೂಪನ್ನು ಹಿಡಿಯುತ್ತದೆ, ಹಳದಿ ಸೀರಂ ಬಿ ಗ್ರೂಪನ್ನು. ಹನಿ ಬೆರೆಸಿದಾಗ ರಕ್ತ ಒಡೆದ ಹಾಲಿನ ಹಾಗೆ ಗಂಟುಗಟ್ಟಬೇಕು. ಎರಡರಲ್ಲೂ ಗಂಟಾಗದಿದ್ದರೆ ಓ. ಇಷ್ಟೇ ವಿದ್ಯೆ.

ಖಾನಾಪುರದ ಟೆಕ್ನಿಶಿಯನ್ ಈರಣ್ಣ ಹಳೇ ಕೈ. ಹೋದವಳೇ ಅವನ ಮೇಲೆ ಹರಿಹಾಯ್ದೆ. ‘ಸ್ಲೈಡ್ ತೊಳದಿದ್ದಿಲ್ಲೇನು? ಉಪ್ಪುನೀರು ಹಳೇದೇನು?’

‘ಎಲ್ಲಾ ಬರೋಬರಿ ಇತ್ತರಿ. ಅಣ್ಣ-ತಂಗಿ ಇಬ್ಬರೂ ಓ ಬಂದ್ರು. ಆಕಿ ಕೈಬಿಟ್ಟು ಹೊಂಟಿದ್ದಳ್ರಿ, ಇಬ್ಬರ ರಕ್ತ ಕೂಡಿಸಿ ನೋಡಾಕ ಯಾಳೆ ಇದ್ದಿಲ್ಲ.’

ಸ್ಲೈಡ್ ಸ್ವಚ್ಛ. ಉಪ್ಪುನೀರು ಹೊಸದು. ರಿಜಿಸ್ಟರ್ ತೆಗೆದೆ. ಮೂರು ವಾರದಿಂದ ಓ, ಬಿ, ಓ, ಓ, ಬಿ. ಒಂದಾದರೂ ಎ? ಇಲ್ಲ. ಅಷ್ಟೂ ಜನ ಗೋವಾಕ್ಕೆ ಗುಳೆ ಹೋದರೇ?

ನಾನೇ ಎ ಗ್ರೂಪಿನವಳು. ಬೆರಳು ಚುಚ್ಚಿಕೊಂಡು ನೀಲಿ ಹನಿಗೆ ಬೆರೆಸಿ ಸ್ಲೈಡ್ ಆಡಿಸಿದೆ. ಒಂದು ನಿಮಿಷ. ಎರಡು. ಒಂದು ಗಂಟೂ ಇಲ್ಲ. ಆ ಬಾಟಲಿಯ ಪ್ರಕಾರ ನಾನೂ ಓ.

‘ವಾರಾ ವಾರಾ ಚೆಕ್ ಮಾಡಂಗಿಲ್ಲೇನು?’ ಅಂತ ಚೀರಿದೆ.

‘ಹಳದೀದು ನನ್ನ ಬೆರಳಿಂದ ನೋಡ್ತೀನ್ರಿ, ನಾ ಬಿ. ನೀಲೀದು ನೀವು ಬಂದಾಗ ನಿಮ್ಮ ಬೆರಳಿಂದ ನೋಡೂದು ನಮ್ಮ ಪದ್ಧತಿ ಐತೆಲ್ರಿ. ಆವತ್ತ ನೀವು...’

ನನಗೆ ನೆನಪಾಯಿತು.

ಮೂರು ವಾರದ ಹಿಂದೆ ಆ ನೀಲಿ ಬಾಟಲಿ ತಂದವಳು ನಾನೇ. ಸೀರಂ ಕಾವಿಗೆ ಸಾಯುತ್ತದೆ, ಅದಕ್ಕೇ ಥರ್ಮಾಸಿನಲ್ಲಿ ಬರ್ಫ ಹಾಕಿಕೊಂಡೇ ಹೊರಟಿದ್ದೆ. ನಡುವೆ ರವಿವಾರ ಪೇಟೆಗೆ ಹೊಕ್ಕೆ (ಅಕ್ಕನ ಮಗಳ ಮದುವೆ, ಮಸಾಲೆ ಸಾಮಾನು). ಬರ್ಫ ನೀರಾಯಿತು, ಚೆಲ್ಲಿದೆ. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಕಾದ ಇಂಜಿನ್ನಿನ ಮುಚ್ಚಳದ ಮೇಲೆ ಚೀಲ ಇಟ್ಟು ನಿದ್ದೆ ಹೋದೆ. ಖಾನಾಪುರದಲ್ಲಿ ಇಳಿದರೆ ವಾಪಸ್ ಹೋಗುವ ಬಸ್ಸು ನಿಂತೇ ಇತ್ತು. ‘ಬೆರಳ ಕೊಡ್ರಿ’ ಅಂದಿದ್ದ ಈರಣ್ಣ. ನಾನೇನಂದೆ?

‘ಬಣ್ಣ ನೋಡೋ, ಹೆಂಗ ಹೊಳ್ಯಾಕತ್ತೈತಿ! ಚಲೋ ಐತಿ, ಇಟ್ಕೋ.’

ಬಣ್ಣ! ಬಾಟಲಿ ಅದಲುಬದಲಾಗದಿರಲಿ ಅಂತ ಹಾಕಿದ್ದು ಅದು. ಸೀರಂ ಸತ್ತರೂ ಬಣ್ಣ ಹಾಗೇ ಇರುತ್ತದೆ. ಇದನ್ನೇ ವರ್ಷಾ ವರ್ಷಾ ಲ್ಯಾಬಿಗೆ ಕಲಿಯಲು ಬರುವ ಹುಡುಗರಿಗೆ ಪಾಠ ಮಾಡುತ್ತೇನೆ. ನಾಚಿಕೆಯಾಗಬೇಕು ನನಗೆ.

ಮಾರುತಿಯ ರಕ್ತವನ್ನೂ ಅವನ ತಂಗಿಯ ಉಳಿದಿದ್ದ ರಕ್ತವನ್ನೂ ಹೊಸ ಸೀರಂನಲ್ಲಿ ಮತ್ತೆ ನೋಡಿ ಅವನಿಗೆ ಹೇಳಿದೆ: ‘ನಿನ್ನ ರಕ್ತ ಚೊಕ್ಕ ಐತಿ. ಅದು ಎ, ಆಕೀದು ಓ. ಕೂಡಿಸಬಾರದಿತ್ತು. ಕೆಟ್ಟಿದ್ದು ನಾ ತಂದ ಬಾಟಲಿ.’ ಅವನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ‘ಇದನ್ನ ಅವ್ವನ ಮುಂದ ಹೇಳ್ರಿ’ ಅಂದ, ಅಷ್ಟೇ.

ಹೋಗಿ ಹೇಳಿದೆ. ತೊಡೆಯ ಮೇಲೆ ಕೂಸು ಹಾಕಿಕೊಂಡು ಆ ತಾಯಿ ಪೂರ್ತಿ ಕೇಳಿದಳು. ಆಮೇಲೆ ಮಗನ ಕಡೆ ತಿರುಗಿ ‘ನೀರು ತಾರೋ’ ಅಂದಳು. ಅವನು ತಂದ. ಕುಡಿದಳು. ನನಗೆ, ‘ನೀವಿನ್ನ ಹೋಗ್ರಿ’ ಅಂದಳು.

ಆಫೀಸಿನಲ್ಲಿ ಇದನ್ನೆಲ್ಲ ಹೇಳಿದ ಮೇಲೂ ಸಾಹೇಬರು ಫೈಲಿಗೆ ಒಂದೇ ಸಾಲು ಬರೆದು ಮುಚ್ಚಿದ್ದಾರೆ: ‘ಕಾರಣ ತಿಳಿದುಬಂದಿಲ್ಲ.’

ಹಾಗಾದರೆ ಈ ಅಂಕಣದ ತಲೆಯ ಮೇಲೆ ಅಚ್ಚಾಗಿರುವ ಹೆಸರು ಯಾರದು?