ಅರೇಂಜ್ಮೆಂಟ್ ಅಪ್ಪನದು

ಅಪ್ಪ ಲೋಂಡಾದ ರೈಲ್ವೆ ಹಾಲ್‌ನಲ್ಲಿ ಜಾಝ್ ಬ್ಯಾಂಡಿನೊಂದಿಗೆ ಸ್ಯಾಕ್ಸೊಫೋನ್ ಊದುತ್ತಿದ್ದರು. ಯಾವ ವಾದ್ಯ ಎಲ್ಲಿ ಸೇರಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಎಲ್ಲರಿಗೂ ಬರೆದುಕೊಡುತ್ತಿದ್ದವರೂ ಅವರೇ. ಆ ಬ್ಯಾಂಡಿನದು ಒಂದೇ ರೆಕಾರ್ಡ್ ಬಂತು, ಅದರ ಮೇಲೆ ಬ್ಯಾಂಡಿನ ಮಾಲೀಕರ ಹೆಸರಷ್ಟೇ ಇತ್ತು.

ಹೋದ ವರ್ಷ, ಮರೆತುಹೋದ ಜಾಝ್ ರೆಕಾರ್ಡ್‌ಗಳನ್ನು ಹುಡುಕಿ ಮತ್ತೆ ಹೊರತರುವವರೊಬ್ಬರು ಖಾನಾಪುರದ ಅಣ್ಣನ ಮನೆಗೆ ಬಂದು, "ಅರೇಂಜ್ಮೆಂಟ್ ಯಾರದು?" ಎಂದು ಕೇಳಿದರಂತೆ. ನಮ್ಮ ಕಡೆ ಅರೇಂಜ್ಮೆಂಟ್ ಎಂದರೆ ಪೆಂಡಾಲು, ಕುರ್ಚಿ, ಊಟ.

"ಅದೆಲ್ಲಾ ಮಾಲಕರದರೀ, ನಮ್ಮಪ್ಪ ಬರೇ ಊದತಿದ್ರು" ಎಂದುಬಿಟ್ಟ ಅಣ್ಣ. ಹೊಸದಾಗಿ ಬಂದ ರೆಕಾರ್ಡಿನ ಮೇಲೂ ಹಾಗೆಯೇ ಅಚ್ಚಾಯಿತು.

ತಿಳಿಯದೆ ಆದದ್ದೆಂದು ನಾನು ಬೆಳಗಾವಿಯಿಂದ ಫೋನ್ ಮಾಡಿ, ಸಂಗೀತದಲ್ಲಿ ಅರೇಂಜ್ಮೆಂಟ್ ಎಂದರೆ ಅಪ್ಪ ವಾದ್ಯಗಳಿಗೆ ಬರೆದುಕೊಡುತ್ತಿದ್ದುದೇ ಎಂದು ಬಿಡಿಸಿ ಹೇಳಿದೆ. "ಅವರಿಗೆ ಖರೇ ಹೇಳಣ್ಣಾ, ಮುಂದಿನ ಅಚ್ಚಿನಾಗ ಅಪ್ಪನ ಹೆಸರು ಹಾಕ್ತಾರ."

"ಬ್ಯಾಡವಾ. ಮಗಳಿಗೆ ಸಂಬಂಧ ಕೂಡೇತಿ. ಬ್ಯಾಂಡಿನವರ ಮನಿ ಅಂತ ಬೀಗರು ಹಿಂದ ಸರದ್ರ ನೀ ಬಂದು ನಿಂದರ್ತೀಯೇನು?"

"ಆ ಬ್ಯಾಂಡಿನ ಅನ್ನಾನ ಉಂಡು ಬೆಳದೀಯಲ್ಲೋ!"

ಅಣ್ಣ ಫೋನ್ ಇಟ್ಟ. ನಾನೇ ಆ ಸಂಗ್ರಾಹಕರಿಗೆ ತಿಳಿಸಿದೆ. ಅವರು ಪಾಪ, ಅಣ್ಣನನ್ನು ಮತ್ತೊಮ್ಮೆ ವಿಚಾರಿಸಿದರು. ಅವನು ಮೊದಲಿನ ಮಾತನ್ನೇ ಹೇಳಿದ. ಈ ಸಲ ಅವನಿಗೆ ಅರ್ಥ ಗೊತ್ತಿತ್ತು.

ಹೆಸರು ಹೋದರೂ ದೇವರು ಅಪ್ಪನ ಉಸಿರನ್ನು ಆ ಹಾಡಿನಲ್ಲಿ ಉಳಿಸಿದ್ದಾನೆ. ಪೂಜೆ ಮುಗಿಸಿ ಮೊಬೈಲಿನಲ್ಲಿ ಕೇಳುತ್ತೇನೆ, ಅಷ್ಟಾದರೂ ಸಿಕ್ಕಿತಲ್ಲ. ನಿಶ್ಚಯಕ್ಕೆ ಅಣ್ಣ ಕರೆದಿದ್ದಾನೆ. ಹುಡುಗಿಯದೇನು ತಪ್ಪು, ಹೋಗಿ ಅಕ್ಷತೆ ಹಾಕಿ ಬರುತ್ತೇನೆ. ಊಟಕ್ಕೆ ಮಾತ್ರ ಅವನ ಮನೆಯಲ್ಲಿ ಕೂಡುವುದಿಲ್ಲ.