ಖಾಲಿ ಮೊಳೆ

ನಡೆದದ್ದನ್ನೇ ಬರೆಯುತ್ತಿದ್ದೇನೆ. ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೂ ನಂಬುವುದಿಲ್ಲ. ಇಂಥ ಕಥೆಗಳಲ್ಲಿ ಹನ್ನೆರಡು ಹೊಡೆದಿರುತ್ತದೆ. ನನ್ನದರಲ್ಲಿ ಆಗಷ್ಟೇ ಕತ್ತಲಾಗಿತ್ತು...

ಸಂಡೂರಿನ ಗಣಿಗಳು ಹಗಲುರಾತ್ರಿ ಓಡತೊಡಗಿದ್ದ ಹೊಸತು. ಹಳೆಯ ಕ್ರಷರ್ ಯಂತ್ರವೊಂದನ್ನು ನೋಡಿಬರಲು ಮಾಲೀಕರು ನನ್ನನ್ನೂ ಕಂಪ್ಲಿಯ ಭೀಮಣ್ಣನನ್ನೂ ಮೆಕ್ಸಿಕೋಗೆ ಕಳಿಸಿದ್ದರು. ಭೀಮಣ್ಣ ನಮ್ಮ ಗಣಿಯಲ್ಲಿ ಬಂಡೆ ಸಿಡಿಸುವವನು. ಕೆಲಸ ಮುಗಿಸಿ, ಪೆಸಿಫಿಕ್ ಕರಾವಳಿಗೆ ಹತ್ತಿರದ ಆಲಮೋಸ್ ಎಂಬ ಊರಲ್ಲಿ ತಂಗಿದೆವು. ಬೆಳ್ಳಿಯ ಆಸೆಗೆ ಸ್ಪೇನಿನವರು ಕಟ್ಟಿದ ಊರು. ಕಮಾನಿನ ಜಗಲಿಗಳು, ದಪ್ಪ ಬಾಗಿಲುಗಳು, ಸುಣ್ಣ ಉದುರುವ ಗೋಡೆಗಳು. ನಾವಿಳಿದ ಮನೆ ಹಿಂದೆ ಗಣಿ ಒಡೆಯನದಂತೆ.

ಪಡಸಾಲೆಯ ಗೋಡೆಯಲ್ಲಿ ಒಂದು ಕಪ್ಪು ಹಲಗೆ. ಸಾಲು ಸಾಲು ಮೊಳೆಗಳು, ಅವುಗಳಲ್ಲಿ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳು.

"ನಮ್ ಗೇಟಿನ ಹಲಗಿ ಇಲ್ಲಿಗ್ಯಾಕ ಬಂತಲೇ ರಾಘು?" ಭೀಮಣ್ಣ ನಕ್ಕ.

ನಮ್ಮ ಗಣಿಯಲ್ಲಿ ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ಗೇಟಿನ ಹಲಗೆಗೆ ತೂಗುಹಾಕುತ್ತಾನೆ; ಹೊರಬರುವಾಗ ತೆಗೆದುಕೊಳ್ಳುತ್ತಾನೆ. ಬಿಲ್ಲೆ ಮೊಳೆಯಲ್ಲಿದ್ದರೆ ಆಳು ಒಳಗಿದ್ದಾನೆ ಎಂದರ್ಥ. ಹಲಗೆ ಖಾಲಿಯಾಗದೆ ಭೀಮಣ್ಣ ಸಿಡಿಮದ್ದಿನ ಬತ್ತಿಗೆ ಬೆಂಕಿ ತಾಕಿಸುವುದಿಲ್ಲ.

ಇಲ್ಲಿ ಒಂದೇ ಒಂದು ಮೊಳೆ ಖಾಲಿ ಇತ್ತು. ಒಂಬತ್ತು ವರ್ಷದ ಅಭ್ಯಾಸ... ನನ್ನ ಕೈ ತಾನಾಗಿ ಕೀಗೊಂಚಲಿನಿಂದ ನನ್ನ ಇಪ್ಪತ್ತೇಳನೇ ನಂಬರಿನ ಬಿಲ್ಲೆ ಬಿಡಿಸಿ ಅಲ್ಲಿ ತೂಗುಹಾಕಿತು. ಮನೆ ನೋಡಿಕೊಳ್ಳುವ ಮುದುಕಿ ಅದನ್ನು ನೋಡಿದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ವಿಮಾನ ನಿಲ್ದಾಣಕ್ಕೆ ಹೋಗಲು ರಾತ್ರಿ ಎಂಟಕ್ಕೆ ಕಾರು ಬರುವುದಿತ್ತು. ಚೀಲ ಕಟ್ಟಲು ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಕರೆಂಟು ಹೋಯಿತು.

ಆಮೇಲೆ ಬಾಗಿಲು ತೆರೆಯಲಿಲ್ಲ.

ಚಿಲಕ ಸರಿಯಿತು, ಬಾಗಿಲು ಮಾತ್ರ ಅಲುಗಲಿಲ್ಲ. ಕಿಟಕಿ ಇದ್ದ ಕಡೆ ತಡಕಿದೆ... ಕೈಗೆ ಸಿಕ್ಕಿದ್ದು ಒದ್ದೆ ಬಂಡೆ. ಸಿಡಿಮದ್ದಿನ ವಾಸನೆ. ನೆಲದಡಿಯಿಂದ ಟಕ್... ಟಕ್... ಕಲ್ಲಿಗೆ ಕಲ್ಲು ಬಡಿಯುವ ಸದ್ದು. ಒಬ್ಬನದಲ್ಲ, ಹಲವರದು. ಎಷ್ಟು ಎಳೆದರೂ ಉಸಿರು ಸಾಲುತ್ತಿಲ್ಲ.

ಆಗ ಹೊಳೆಯಿತು. ಆ ಬಿಲ್ಲೆಗಳೆಲ್ಲ ಇನ್ನೂ ಮೊಳೆಯಲ್ಲೇ ಇವೆ. ಅಂದರೆ ಅವರಲ್ಲಿ ಯಾರೂ ಹೊರಗೆ ಬಂದಿಲ್ಲ. ಈಗ ನನ್ನದೂ ಅವರ ಸಾಲಿನಲ್ಲಿದೆ.

"ಭೀಮಣ್ಣಾ! ಹಲಗಿ ಮ್ಯಾಲಿನ ನನ್ ಬಿಲ್ಲಿ ತೆಗೀರಿ! ಜಲ್ದಿ!"

"ಯಾಕಲೇ, ಏನಾತು?"

"ಕೇಳಬ್ಯಾಡ್ರಿ... ಮೊದ್ಲು ತೆಗೀರಿ!"

ಹೆಜ್ಜೆಗಳು ದೂರ ಹೋದವು. ಹಿತ್ತಾಳೆ ಕಿಣಿ ಎಂದಿತು. ಬಡಿತ ನಿಂತಿತು. ಮುಖಕ್ಕೆ ತಣ್ಣನೆಯ ಗಾಳಿ... ಎದುರಿಗೆ ತೆರೆದ ಬಾಗಿಲು.

ಕಾರಿನಲ್ಲಿ ಭೀಮಣ್ಣ ನನ್ನ ಅಂಗೈಯಲ್ಲಿ ಬಿಲ್ಲೆ ಇಟ್ಟ. ಈ ಸಲ ನಗಲಿಲ್ಲ. ದನಿ ತಗ್ಗಿಸಿ, "ಬಾಗ್ಲು ಮೊದ್ಲಿಂದ ತೆರದ ಇತ್ತಲೇ. ಹೊಸ್ತಿಲ ಒಳಗ ನಿಂತು ಬರೀ ಗಾಳಿ ಬಡಿಯಾಕತ್ತಿದ್ದಿ," ಎಂದ.

ವಿಮಾನ ನಿಲ್ದಾಣದ ಬೆಳಕಿನಲ್ಲಿ ಅಂಗೈ ಬಿಚ್ಚಿ ನೋಡಿದೆ. ಇಪ್ಪತ್ತೇಳಲ್ಲ. ಹದಿನಾಲ್ಕು.

"ಕತ್ತಲದಾಗ ಕೈಗೆ ಸಿಕ್ಕಿದ್ದನ್ನ ತಗೊಂಡ್ ಬಂದೆ," ಎಂದ ಭೀಮಣ್ಣ. ಈಗ ಕೇಳಿದರೆ, ತಾನು ಕೊಟ್ಟದ್ದು ಇಪ್ಪತ್ತೇಳೇ ಎನ್ನುತ್ತಾನೆ. ಹದಿನಾಲ್ಕನೇ ಬಿಲ್ಲೆ ನನ್ನ ಪೆಟ್ಟಿಗೆಯಲ್ಲಿದೆ. ಅಂದರೆ ನನ್ನ ಇಪ್ಪತ್ತೇಳು ಇನ್ನೂ ಆ ಹಲಗೆಯ ಮೊಳೆಯಲ್ಲೇ ಇರಬೇಕು.

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ, ಅದಿರಿನ ಕೆಂಪು ಧೂಳು ಬರುತ್ತದೆಂದು ಹೆಂಡತಿ ಸಂಜೆಗೇ ಬಾಗಿಲು ಹಾಕುತ್ತಾಳೆ. ನಾನು ಎದ್ದು ತೆರೆಯುತ್ತೇನೆ. ಮತ್ತೆ ಹಾಕುತ್ತಾಳೆ, ಮತ್ತೆ ತೆರೆಯುತ್ತೇನೆ. ಪ್ರತಿ ಸಲವೂ ತೆರೆಯುತ್ತದೆ.

ಆದರೆ ಅಂದು ಆ ಕೋಣೆಯ ಬಾಗಿಲೂ ತೆರೆದೇ ಇತ್ತಲ್ಲ...